ಪಠ್ಯಕ್ರಮ ಪರಿಷ್ಕರಣ ಮೀಮಾಂಸೆ

ಪೀಠಿಕೆ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಇವೆರಡಕ್ಕೂ ಸಂಬಂಧವೇನು, ಓದಲು ಯಾರು ಅರ್ಹರು. ಪ್ರಸ್ತುತ ಗ್ರಂಥದ ವಿಷಯ, ಪದವಿ ಕಾಲೇಜಿನ ಪಠ್ಯಕ್ರಮ ಕಾಲಕಾಲಕ್ಕೆ ಬದಲಾಗುವ ಪರಿ. ಪ್ರಯೋಜನ, ಲೇಖಕನ ಬಡ್ತಿ ಕಡತಕ್ಕೆ ಒಂದಷ್ಟು ಅಂಕ. ಇವೆರಡಕ್ಕೂ ಸಂಬಂಧವಿಲ್ಲ, ಇರಬೇಕೆಂಬ ನಿಯಮ ಉನ್ನತ ಶಿಕ್ಷಣದಲ್ಲಿ ಎಲ್ಲೂ ಕಂಡುಬಂದಿಲ್ಲ. ಓದಲು ಅರ್ಹರು ಯಾರೆಂದರೆ, ಒಂದೇ ವಿಷಯವನ್ನು ಮೂರು ಸ್ಕೀಮುಗಳಲ್ಲಿ ಪಾಠ ಮಾಡಿಯೂ ರಕ್ತದೊತ್ತಡ ಮಾಮೂಲಾಗಿರುವ ಅಧ್ಯಾಪಕರು.

ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ತಾಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಹೆಚ್ಚುಕಡಿಮೆ ಇಂಥದ್ದನ್ನೇ ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಎನ್ನುತ್ತಾರೆ. ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಆರೇ ಆರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಈ ಬಗೆಯ ಮೊದಲ ಸಾರ್ವಜನಿಕ ಕಾಲೇಜು ಅಲ್ಲಿ ಶುರುವಾಯಿತು. ದೂರದೂರಿಗೆ ಹೋಗಿ ಓದುವ ಅನುಕೂಲವಿಲ್ಲದವರಿಗೆ ಮನೆ ಹತ್ತಿರವೇ, ಕಡಿಮೆ ಫೀಜಿನಲ್ಲಿ ಓದು ಸಿಗಲಿ ಎಂಬುದು ಅದರ ತತ್ತ್ವ. ಕರ್ನಾಟಕದಲ್ಲಿ ಆ ಕೆಲಸ ಮಾಡುತ್ತಿರುವುದು 430ರ ಆಸುಪಾಸಿನಲ್ಲಿರುವ ಪ್ರಥಮ ದರ್ಜೆ ಕಾಲೇಜುಗಳು. ಅಲ್ಲಿ ಓದುವವರಲ್ಲಿ ಬಹಳ ಮಂದಿ ಮನೆತನಕ್ಕೇ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರು. ಆ ಮೆಟ್ಟಿಲನ್ನು ಅವರು ಹತ್ತುತ್ತಿರುವಾಗಲೇ ಕಿತ್ತು ಬೇರೆ ಕಡೆ ಜೋಡಿಸುವ ವಿದ್ಯೆಗೆ ಪರಿಷ್ಕರಣೆ ಎಂದು ಹೆಸರು.

ಪ್ರಕರಣ 1: ಕಾಲದೇಶ ನಿರ್ಣಯ

ಪಠ್ಯಕ್ರಮದ ಇತಿಹಾಸದಲ್ಲಿ ಐದು ಯುಗಗಳನ್ನು ಗುರುತಿಸಬಹುದು.

ಮೊದಲನೆಯದು ವಾರ್ಷಿಕ ಯುಗ. ವರ್ಷಕ್ಕೊಂದೇ ಪರೀಕ್ಷೆ. ಪಠ್ಯ ಬಹುಕಾಲ ಕದಲದೆ ಇದ್ದುದರಿಂದ ಅಕ್ಕನ ನೋಟ್ಸು ತಮ್ಮನಿಗೆ, ತಮ್ಮನದು ಚಿಕ್ಕಪ್ಪನ ಮಗಳಿಗೆ ದಕ್ಕುತ್ತಿತ್ತು. ವಿದ್ವಾಂಸರು ಇದನ್ನು ಜಡತ್ವದ ಯುಗ ಎನ್ನುತ್ತಾರೆ. ಚಿಕ್ಕಪ್ಪನ ಮಗಳ ಅಭಿಪ್ರಾಯ ದಾಖಲಾಗಿಲ್ಲ. ಎರಡನೆಯದು ಸೆಮಿಸ್ಟರ್ ಯುಗ. ಇದರಲ್ಲಿ ಪಾಠದ ದಿನ ಇಳಿದು ಪರೀಕ್ಷೆಯ ದಿನ ಏರಿತು. ಮೂರನೆಯದು 2010ರ ದಶಕದ ಸಿಬಿಸಿಎಸ್, ಎಂದರೆ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ ಯುಗ. ಅಂಕದ ಪಕ್ಕದಲ್ಲಿ ಕ್ರೆಡಿಟ್ಟೂ ಗ್ರೇಡೂ ಬಂದು ಕುಳಿತವು. ಅಂಕಪಟ್ಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ ಅಪ್ಪಂದಿರು, "ಇದೆಲ್ಲ ಇರ್ಲಿ, ಪಾಸೋ ಫೇಲೋ ಅದನ್ನ ಹೇಳು" ಎಂದದ್ದು ಈ ಯುಗದಲ್ಲಿ.

ನಾಲ್ಕನೆಯದು ಎನ್‌ಇಪಿ ಯುಗ. ಕೇಂದ್ರ ಸಚಿವ ಸಂಪುಟ 2020ರ ಜುಲೈ 29ರಂದು ಒಪ್ಪಿದ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಹಂತಕ್ಕೆ ಇಳಿಸಲು ಕರ್ನಾಟಕ ಸರ್ಕಾರ 2021ರ ಆಗಸ್ಟ್ 7ರಂದು ಆದೇಶ ಹೊರಡಿಸಿತು. ಹಾಗೆ ಮಾಡಿದ ಮೊದಲ ರಾಜ್ಯವೆಂಬ ಕೀರ್ತಿ ನಮಗೆ ಸಂದಿತು. ಐದನೆಯದು ಎಸ್‌ಇಪಿ ಯುಗ. 2023ರ ಅಕ್ಟೋಬರ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿ ಹಿಡಿದು 2024ರ ಮೇ ತಿಂಗಳಲ್ಲಿ ಆದೇಶ ಬಂದು, 2024–25ರಿಂದ ನಾಲ್ಕು ವರ್ಷದ ಆನರ್ಸ್ ಹೋಗಿ ಮೂರು ವರ್ಷದ ಪದವಿ ಮರಳಿತು. ಅಂತಿಮ ವರದಿ ಸಲ್ಲಿಕೆಯಾದದ್ದು 2025ರ ಆಗಸ್ಟ್‌ನಲ್ಲಿ. ಹಿಂದಿನವರು ನೀತಿಯನ್ನು ಮೊದಲು ಜಾರಿಗೆ ತಂದು ಪಠ್ಯವನ್ನು ಸೆಮಿಸ್ಟರ್ ಸೆಮಿಸ್ಟರಿಗೆ ಬರೆಯುತ್ತ ಹೋದರು. ಅನಂತರದವರು ಮೊದಲು ತೆಗೆದುಹಾಕಿ ಅಂತಿಮ ವರದಿಯನ್ನು ಆಮೇಲೆ ಪಡೆದರು. ಆದ್ದರಿಂದ ಈ ಶಾಸ್ತ್ರದಲ್ಲಿ ಪಕ್ಷಭೇದ ಕಲ್ಪಿಸುವುದು ಅವೈಜ್ಞಾನಿಕ.

ಯುಗಗಳು ಒಂದರ ನಂತರ ಒಂದು ಬರುತ್ತವೆ ಎಂಬುದು ದಡ್ಡರ ನಂಬಿಕೆ. ಅವು ಏಕಕಾಲಕ್ಕೆ ಇರುತ್ತವೆ. 2024–25ರ ಕಾಲೇಜನ್ನು ನೋಡಿ: ಮೊದಲ ವರ್ಷದವರು ಎಸ್‌ಇಪಿ, ಎರಡನೆಯ ಮೂರನೆಯ ವರ್ಷದವರು ಎನ್‌ಇಪಿ, ಹಳೆಯ ಬಾಕಿ ತೀರಿಸಲು ಬಂದ ರಿಪೀಟರ್‌ಗಳು ಸಿಬಿಸಿಎಸ್. ಊರಿನಲ್ಲಿ ಹೊಸಬರನ್ನು ಕಂಡ ಹಿರಿಯರು "ಯಾರ ಪೈಕಿ?" ಎಂದು ಕೇಳುವುದುಂಟು. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರು ಕೇಳಬೇಕಾಗಿ ಬಂದದ್ದು "ನೀನು ಯಾವ ಸ್ಕೀಮಮ್ಮ?" ಎಂದು. ಗೋತ್ರ ಗೊತ್ತಿಲ್ಲದವರು ಸಿಕ್ಕಾರು. ಸ್ಕೀಮು ಗೊತ್ತಿಲ್ಲದವರಿಗೆ ಪ್ರಶ್ನೆಪತ್ರಿಕೆ ಸಿಗುವುದಿಲ್ಲ.

ದೇಶನಿರ್ಣಯವೂ ಇಷ್ಟೇ ಸೂಕ್ಷ್ಮ. ದಾವಣಗೆರೆ ಸೀಮೆಯ ಹಳೆಯ ಕಾಲೇಜೊಂದು ತಾನಿದ್ದ ಜಾಗದಿಂದ ಒಂದಡಿಯೂ ಅಲುಗದೆ 1916ರ ಮೈಸೂರು ವಿಶ್ವವಿದ್ಯಾಲಯದಿಂದ 1987ರ ಕುವೆಂಪು ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ 2009ರ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಪ್ರಯಾಣ ಮಾಡಿದೆ. ಕಾಲೇಜು ಸ್ಥಿರ, ವಿಶ್ವವಿದ್ಯಾಲಯ ಚರ ಎಂಬುದು ಇದರಿಂದ ಸಿದ್ಧವಾಗುತ್ತದೆ. ಪ್ರತಿ ಪ್ರಯಾಣದಲ್ಲೂ ಪಠ್ಯ ಬದಲಾಯಿತು, ಲೆಟರ್‌ಹೆಡ್ ಬದಲಾಯಿತು, ಬೋರ್ಡು ಬರೆಯುವ ಪೇಂಟರಿಗೆ ಕೆಲಸ ಸಿಕ್ಕಿತು. ಪಠ್ಯಕ್ರಮ ಪರಿಷ್ಕರಣೆಯಿಂದ ಉದ್ಯೋಗ ಸೃಷ್ಟಿಯಾಗುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಪ್ರಕರಣ 2: ಉತ್ಪತ್ತಿ

ಪಠ್ಯ ಹುಟ್ಟುವುದು ಅಧ್ಯಯನ ಮಂಡಳಿಯಲ್ಲಿ. ಅಲ್ಲಿಂದ ನಿಕಾಯಕ್ಕೆ, ನಿಕಾಯದಿಂದ ವಿದ್ಯಾವಿಷಯಕ ಪರಿಷತ್ತಿಗೆ ಏರಿ, ಅನುಮೋದನೆಯ ಮೊಹರು ಒತ್ತಿಸಿಕೊಂಡು ಕಾಲೇಜಿಗೆ ಇಳಿಯುತ್ತದೆ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000 ಈ ಮೆಟ್ಟಿಲುಗಳನ್ನೆಲ್ಲ ವಿವರವಾಗಿ ಹೇಳಿದೆ. ವಿದ್ಯಾರ್ಥಿಯನ್ನು ಯಾವ ಮೆಟ್ಟಿಲಲ್ಲಿ ಕೇಳಬೇಕು ಎಂಬ ಸಂಶಯ ಇದುವರೆಗೆ ಯಾರಿಗೂ ಬಂದಂತಿಲ್ಲ. ಸಂಶಯವಿಲ್ಲದ ಕಡೆ ಅಧಿಕರಣ ಹುಟ್ಟುವುದಿಲ್ಲವಾದ್ದರಿಂದ ನಾವೂ ಮುಂದೆ ಹೋಗೋಣ.

ಮಂಡಳಿಯ ಕಾರ್ಯವಿಧಾನ ಪೂರ್ತಿ ವ್ಯಾಕರಣಬದ್ಧ. ಹಳೆಯ ಪಠ್ಯ ಮೇಜಿನ ಮೇಲಿರುತ್ತದೆ. ಹೊಸತು ಅದರಿಂದಲೇ ಸಂಧಿಕಾರ್ಯದ ಮೂಲಕ ನಿಷ್ಪನ್ನವಾಗುತ್ತದೆ. ಐದು ಘಟಕಗಳಿದ್ದಲ್ಲಿ ಒಂದು ಬಿದ್ದುಹೋಗಿ ನಾಲ್ಕಾದರೆ ಲೋಪ ಸಂಧಿ. "ಆಧುನಿಕ ಪ್ರವೃತ್ತಿಗಳು" ಎಂಬ ಘಟಕ ಎಲ್ಲಿಂದಲೋ ಬಂದು ಸೇರಿದರೆ ಆಗಮ ಸಂಧಿ. ಮೂರನೆಯ ಸೆಮಿಸ್ಟರಿನ ಪತ್ರಿಕೆ ಯಾವ ಕಾರಣವೂ ಇಲ್ಲದೆ ಐದನೆಯದಕ್ಕೆ ಹೋಗಿ, ಐದನೆಯದು ಮೂರಕ್ಕೆ ಬಂದು ಕೂತರೆ ಆದೇಶ ಸಂಧಿ. ಇದಕ್ಕೆ ಮೇಲಿನವರ ಸಹಿ ಅಗತ್ಯ. ಉಳಿದದ್ದೆಲ್ಲ ಪ್ರಕೃತಿಭಾವ. ಎಂದರೆ ಹಳೆಯ ಪಠ್ಯದಲ್ಲಿದ್ದ ಅಚ್ಚಿನ ತಪ್ಪೂ ಸಮೇತ ಹಾಗೆಯೇ ಉಳಿಯುವುದು.

ಇತ್ತೀಚೆಗೆ ಇದಕ್ಕೆ ಕ್ರಿಯಾಪದ ಪ್ರಕರಣವೊಂದು ಸೇರಿದೆ. ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಶಿಕ್ಷಣಜ್ಞ 1956ರಲ್ಲಿ ಸಹವಿದ್ವಾಂಸರೊಡನೆ ಕಲಿಕೆಯ ಮೆಟ್ಟಿಲುಗಳನ್ನು ವರ್ಗೀಕರಿಸಿದ. 2001ರಲ್ಲಿ ಅದರ ಪರಿಷ್ಕೃತ ರೂಪ ಬಂತು. ನೆನಪಿಡು, ಅರಿ, ಅನ್ವಯಿಸು, ವಿಶ್ಲೇಷಿಸು, ಮೌಲ್ಯಮಾಪಿಸು, ಸೃಷ್ಟಿಸು ಎಂಬ ಆರು ಧಾತುಗಳು. ಪಾಠ ಹೇಗೆ ನಡೆಯಬೇಕು, ಪ್ರಶ್ನೆ ಹೇಗಿರಬೇಕು ಎಂದು ಯೋಚಿಸಲು ಆತ ಕೊಟ್ಟದ್ದನ್ನು ನಾವು ಪಠ್ಯದ ನೆತ್ತಿಯ ಮೇಲೆ ಬರೆಯಲು ಬಳಸಿಕೊಂಡೆವು. ಹಳೆಯ ಪಠ್ಯದಲ್ಲಿ "ಹೊಯ್ಸಳರ ವಾಸ್ತುಶಿಲ್ಪ" ಎಂದಷ್ಟೇ ಇರುತ್ತಿತ್ತು. ಹೊಸದರಲ್ಲಿ "ವಿದ್ಯಾರ್ಥಿಯು ಹೊಯ್ಸಳ ವಾಸ್ತುಶಿಲ್ಪದ ಸೌಂದರ್ಯತತ್ತ್ವವನ್ನು ವಿಶ್ಲೇಷಿಸಿ ಮೌಲ್ಯಮಾಪನ ಮಾಡುವನು" ಎಂದಿರುತ್ತದೆ. ಪರೀಕ್ಷೆಯಲ್ಲಿ "ಹೊಯ್ಸಳರ ವಾಸ್ತುಶಿಲ್ಪ: ಟಿಪ್ಪಣಿ ಬರೆಯಿರಿ" ಎಂದು ಕೇಳುತ್ತಾರೆ. ಹಳೇಬೀಡಿಗೆ ಬಸ್ಸು ಮಾಡಿಕೊಂಡು ಹೋಗಿ ಬರೋಣವೆಂದು ಅಧ್ಯಾಪಕರೊಬ್ಬರು ಹೊರಟರೆ ಅದಕ್ಕೆ ಅನುಮತಿ ಪತ್ರ, ಪೋಷಕರ ಒಪ್ಪಿಗೆ ಪತ್ರ, ಜವಾಬ್ದಾರಿ ಪತ್ರ ಬೇಕು. ವಿಶ್ಲೇಷಿಸುವನು ಎಂದು ಬರೆಯಲು ಏನೂ ಬೇಡ.

ಪ್ರಕರಣ 3: ಅವತರಣ

ಸೂತ್ರ: ಆದೇಶಾನಂತರಂ ಪಠ್ಯಂ, ಪಠ್ಯಾನಂತರಂ ಪರೀಕ್ಷಾ, ಪುಸ್ತಕಂ ತು ಯಥಾವಕಾಶಮ್.

ಭಾಷ್ಯ: ಆದೇಶ ಬಂದ ಮೇಲೆ ಪಠ್ಯ ಬರುತ್ತದೆ, ಪಠ್ಯ ಬಂದ ಮೇಲೆ ಪರೀಕ್ಷೆ ಬರುತ್ತದೆ, ಪುಸ್ತಕ ಮಾತ್ರ ಬಿಡುವಾದಾಗ ಬರುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಲೆಕ್ಕದಲ್ಲಿ ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರಿನಲ್ಲಿ 15 ಗಂಟೆ ಪಾಠವಾದರೆ ಒಂದು ಕ್ರೆಡಿಟ್. ಈ 15 ವಾರಗಳಲ್ಲಿ ಪ್ರವೇಶದ ಕೊನೆಯ ದಿನಾಂಕ ಮುಂದೂಡಿದ ವಾರಗಳನ್ನೂ, ಅತಿಥಿ ಉಪನ್ಯಾಸಕರ ಕೌನ್ಸೆಲಿಂಗ್ ಮುಗಿಯದ ವಾರಗಳನ್ನೂ, ಪುಸ್ತಕ ಪ್ರಸಾರಾಂಗದಿಂದ ಹೊರಟು ಊರು ಸೇರದ ವಾರಗಳನ್ನೂ ಕಳೆದರೆ ಉಳಿಯುವುದಕ್ಕೆ ಶಾಸ್ತ್ರದಲ್ಲಿ ಸೆಮಿಸ್ಟರ್ ಎಂದು ಸಂಜ್ಞೆ.

ಇಲ್ಲಿ ಪೂರ್ವಪಕ್ಷಿ ಕೇಳುತ್ತಾನೆ: ಪುಸ್ತಕವಿಲ್ಲದೆ ವಿದ್ಯಾರ್ಥಿ ಓದುವುದೇನನ್ನು? ಸಿದ್ಧಾಂತಿಯ ಉತ್ತರ: ಕಾಲೇಜಿನ ಗೇಟಿನೆದುರು ಜೆರಾಕ್ಸ್ ಅಂಗಡಿ ಇದೆಯಷ್ಟೆ. ಹೊಸ ಪಠ್ಯ ಯಾವುದು, ಹಳೆಯದರಲ್ಲಿ ಯಾವ ಘಟಕ ಉಳಿದಿದೆ, ಯಾವ ಪ್ರಶ್ನೆ ಬರಬಹುದು ಎಂಬ ತೌಲನಿಕ ಅಧ್ಯಯನ ಈ ರಾಜ್ಯದಲ್ಲಿ ಎಲ್ಲಿಯಾದರೂ ನಡೆಯುತ್ತಿದ್ದರೆ ಅದು ಆ ಅಂಗಡಿಯಲ್ಲಿ. ಅಂಗಡಿಯವನು ಮೂರು ಸ್ಕೀಮಿನ ನೋಟ್ಸುಗಳನ್ನು ಮೂರು ಬಣ್ಣದ ರಟ್ಟಿನಲ್ಲಿಟ್ಟು, "ಇದ್ರಲ್ಲಿ ಎರಡನೇ ಯೂನಿಟ್ ಬೇಡ, ಅದು ಹಳೇದ್ರದ್ದು. ಬರೀ ಮೂರೂ ನಾಕೂ ಓದ್ಕೊಳಮ್ಮ" ಎಂದು ಮಾರ್ಗದರ್ಶನ ಮಾಡುತ್ತಾನೆ. ಪುಟಕ್ಕಿಷ್ಟು ಎಂಬ ಪಾರದರ್ಶಕ ಶುಲ್ಕದಲ್ಲಿ ಇಷ್ಟು ನಿಖರವಾದ ಶೈಕ್ಷಣಿಕ ಸಲಹೆ ಬೇರೆಲ್ಲೂ ಸಿಗುವುದಿಲ್ಲ. ಮುಂದಿನ ಅಧ್ಯಯನ ಮಂಡಳಿಯಲ್ಲಿ ಒಂದು ಸ್ಥಾನವನ್ನು ಈ ವರ್ಗಕ್ಕೆ ಮೀಸಲಿಡಬೇಕೆಂದು ಪ್ರಬಂಧಕಾರನು ಈ ಮೂಲಕ ಶಿಫಾರಸು ಮಾಡುತ್ತಾನೆ.

ಪ್ರಕರಣ 4: ಐಚ್ಛಿಕ ವಿಚಾರ

ಸೂತ್ರ: ವಿದ್ಯಾರ್ಥ್ಯಧೀನಮೈಚ್ಛಿಕಮಿತ್ಯಾದೇಶಃ, ವರ್ಕ್‌ಲೋಡಾಧೀನಮಿತ್ಯನುಭವಃ.

ಭಾಷ್ಯ: ಐಚ್ಛಿಕ ವಿಷಯ ವಿದ್ಯಾರ್ಥಿಯ ಕೈಯಲ್ಲಿದೆ ಎನ್ನುತ್ತದೆ ಆದೇಶ, ವರ್ಕ್‌ಲೋಡಿನ ಕೈಯಲ್ಲಿದೆ ಎನ್ನುತ್ತದೆ ಅನುಭವ. ಶ್ರುತಿಗೂ ಅನುಭವಕ್ಕೂ ವಿರೋಧ ಬಂದಾಗ ಏನು ಮಾಡಬೇಕು? ಟೈಮ್‌ಟೇಬಲ್ ಕಮಿಟಿಯನ್ನು ಕೇಳಬೇಕು.

ಹಿನ್ನೆಲೆ ಹೀಗಿದೆ. ನಮ್ಮ ಕಲಾ ವಿಭಾಗದಲ್ಲಿ ಎಚ್‌ಇಪಿ ಎಂಬ ತ್ರಿಮೂರ್ತಿಗಳು ಬಹುಕಾಲದಿಂದ ನೆಲೆಸಿದ್ದರು: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಎನ್‌ಇಪಿಯಲ್ಲಿ ಮುಖ್ಯ ವಿಷಯಗಳು ಎರಡೇ ಎಂದಾಯಿತು. ಮೂವರಲ್ಲಿ ಒಬ್ಬರು ಹೊರಗೆ ನಿಲ್ಲಬೇಕು. ಯಾರು? ಪಾಠದ ಗಂಟೆ ಕಡಿಮೆಯಾದರೆ ಕಾಯಂ ಅಧ್ಯಾಪಕರಿಗೆ ವರ್ಗಾವಣೆಯ ಭಯ, ಅತಿಥಿ ಉಪನ್ಯಾಸಕರಿಗೆ ಅನ್ನದ ಭಯ. ಯುಜಿಸಿ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ; 2022ರಿಂದ ಸರ್ಕಾರಿ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ 15 ಗಂಟೆ. ಈ ಗಂಟೆಗಳನ್ನು ತುಂಬಿಸಲು ಹೊರಗುಳಿದ ಮೂರ್ತಿಯು ಓಪನ್ ಎಲೆಕ್ಟಿವ್ ಎಂಬ ಹೊಸ ಅವತಾರದಲ್ಲಿ ಒಳಗೆ ಬಂದಿತು. ಎಸ್‌ಇಪಿಯಲ್ಲಿ ಮುಖ್ಯ ವಿಷಯಗಳು ಮತ್ತೆ ಮೂರಾದವು. ಮೂರ್ತಿಗಳು ಮತ್ತೆ ಒಂದಾದರು. ಇದರಿಂದ ತಿಳಿಯುವ ನಿಯಮವಿಷ್ಟು: ಪಠ್ಯಕ್ರಮ ಸೃಷ್ಟಿಯೂ ಆಗುವುದಿಲ್ಲ, ನಾಶವೂ ಆಗುವುದಿಲ್ಲ, ವರ್ಕ್‌ಲೋಡಿನ ಅಗತ್ಯಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ.

ಆಯ್ಕೆಯ ಸ್ವರೂಪವನ್ನು ತಿಳಿಯಲು ಪ್ರವೇಶದ ದಿನ ನಡೆಯುವ ಸಂವಾದದ ಮಾದರಿಯೊಂದನ್ನು ಇಲ್ಲಿ ಕೊಡಲಾಗಿದೆ.

"ಸರ್, ಓಪನ್ ಎಲೆಕ್ಟಿವ್‌ಗೆ ಪತ್ರಿಕೋದ್ಯಮ ಬೇಕಿತ್ತು."

"ತಗೋಬೇಡ ಅಂದೋರ್ಯಾರು? ಆಯ್ಕೆ ನಿಂದು. ಆದ್ರೆ ನಮ್ಮಲ್ಲಿ ಇಲ್ಲ."

"ಮತ್ತೆ ಯಾವ್ದಿದೆ ಸರ್?"

"ಇತಿಹಾಸ ಇದೆ."

"ಬೇರೆ?"

"ಇತಿಹಾಸದಲ್ಲೇ ಇನ್ನೊಂದಿದೆ."

"ಅದೆಷ್ಟೊತ್ತಿಗೆ ಸರ್ ಕ್ಲಾಸು?"

"ಒಂದು ಬೆಳಗ್ಗೆ, ಒಂದು ಸಾಯಂಕಾಲ ನಾಕೂವರೆಗೆ."

"ನಮ್ಮೂರ ಬಸ್ಸು ನಾಕೂ ಕಾಲಿಗೆ ಸರ್. ಬೆಳಗ್ಗೇದು ಬರ್ಕೊಳ್ಳಿ."

ಹೀಗೆ ವಿದ್ಯಾರ್ಥಿನಿಯು ತನ್ನ ಅಭಿರುಚಿ, ಸಾಮರ್ಥ್ಯ ಮತ್ತು ವೃತ್ತಿ ಗುರಿಗಳಿಗೆ ಅನುಗುಣವಾಗಿ ಐಚ್ಛಿಕ ವಿಷಯವನ್ನು ಆಯ್ದುಕೊಂಡಳೆಂದು ಕಾಲೇಜಿನ ವಾರ್ಷಿಕ ವರದಿಯಲ್ಲಿ ನಮೂದಾಗುತ್ತದೆ. ಆಯ್ಕೆಯನ್ನು ನಿಜವಾಗಿ ಮಾಡಿದ ಡಿಪೋ ಮ್ಯಾನೇಜರರ ಹೆಸರು ಎಲ್ಲಿಯೂ ಬರುವುದಿಲ್ಲ.

ಪ್ರಕರಣ 5: ಪರಿಸರಾಧ್ಯಯನ ಅಧಿಕರಣ

ಯುಗಗಳೆಲ್ಲ ಉರುಳಿದರೂ ಅಳಿಯದ ಪತ್ರಿಕೆ ಒಂದಿದೆ: ಪರಿಸರ ಅಧ್ಯಯನ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಇದರ ಮೂಲ. ಪರಿಸರದ ಅರಿವು ಎಲ್ಲ ಹಂತದ ವಿದ್ಯಾರ್ಥಿಗಳಿಗೂ ಬೇಕೆಂದು ನ್ಯಾಯಾಲಯ ಹೇಳಿತು. ಮುಂದೆ ಯುಜಿಸಿ ಪದವಿಯ ಎಲ್ಲ ಶಾಖೆಗಳಿಗೂ ಇದನ್ನು ಕಡ್ಡಾಯ ಮಾಡಿತು. ಆದರೆ ಪಾಠ ಮಾಡಬೇಕಾದವರು ಯಾರು ಎಂಬುದು ತಾಲೂಕು ಕಾಲೇಜಿನಲ್ಲಿ ತೀರ್ಪಾಗದೆ ಉಳಿಯಿತು.

ಸಂಶಯ: ಯಾರು ಪಾಠ ಮಾಡಬೇಕು? ಗಿಡಮರದ ವಿಷಯವಾದ್ದರಿಂದ ಸಸ್ಯಶಾಸ್ತ್ರದವರು ಎಂದು ಒಂದು ಪಕ್ಷ. ನದಿ, ಮಳೆ, ಮಣ್ಣು ಬರುವುದರಿಂದ ಭೂಗೋಳದವರು ಎಂದು ಎರಡನೆಯದು. ಕಾಡು ಕಡಿಯುವುದಕ್ಕೆ ಕಾರಣ ದುಡ್ಡಾದ್ದರಿಂದ ಅರ್ಥಶಾಸ್ತ್ರದವರು ಎಂದು ಮೂರನೆಯದು. ಕಲಾ ಕಾಲೇಜಿನಲ್ಲಿ ಸಸ್ಯಶಾಸ್ತ್ರವೇ ಇಲ್ಲವಲ್ಲ ಎಂದು ಆಕ್ಷೇಪ.

ಸಿದ್ಧಾಂತ: ಯಾರಿಗೆ ವಾರಕ್ಕೆ 16 ಗಂಟೆ ತುಂಬಲು ಎರಡು ಗಂಟೆ ಕಡಿಮೆ ಬಿದ್ದಿದೆಯೋ ಅವರೇ ಪರಿಸರತಜ್ಞರು. ಈ ವರ್ಷ ಹಿಂದಿ ಮೇಡಂ, ಮುಂದಿನ ವರ್ಷ ವಾಣಿಜ್ಯದ ಸರ್, ಅದರ ಮುಂದಿನ ವರ್ಷ ಸಮಾಜಶಾಸ್ತ್ರ. ಎನ್‌ಇಪಿ ಕಾಲದ ಡಿಜಿಟಲ್ ಫ್ಲುಯೆನ್ಸಿ ಪತ್ರಿಕೆಗೂ ಇದೇ ನ್ಯಾಯ. ಲ್ಯಾಬಿನಲ್ಲಿ ಕಂಪ್ಯೂಟರು ಮಕ್ಕಳ ಸಂಖ್ಯೆಗೆ ಸಾಲದೆ ಬಂದ ಕಡೆ ಕ್ಲೌಡ್ ಎಂದರೇನು ಎಂಬುದನ್ನು ಕಪ್ಪುಹಲಗೆಯ ಮೇಲೆ ಮೋಡದ ಚಿತ್ರ ಬರೆದೇ ವಿವರಿಸಬೇಕು. ಮಕ್ಕಳು ಅದನ್ನು ಅಂದವಾಗಿ ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಆಮೇಲೆ ಹೊರಗೆ ಬಂದು ತಮ್ಮ ಮೊಬೈಲಿನಲ್ಲಿ ಅಪ್ಪನಿಗೆ ಪಹಣಿ ತೆಗೆದುಕೊಟ್ಟು, ಅಮ್ಮನ ಗ್ಯಾಸ್ ಬುಕ್ ಮಾಡಿ, ತಂಗಿಯ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಾರೆ. ಡಿಜಿಟಲ್ ಫ್ಲುಯೆನ್ಸಿಯಲ್ಲಿ ಅವರಿಗೆ ಅಂಕ ಮೋಡದ ಚಿತ್ರಕ್ಕೇ ಹೊರತು ಪಹಣಿಗಲ್ಲ.

ಪ್ರಕರಣ 6: ನಿರ್ಗಮನ ವಿಚಾರ

ಎನ್‌ಇಪಿಯ ಅತ್ಯಂತ ಗಹನವಾದ ತತ್ತ್ವ ಬಹು ಪ್ರವೇಶ, ಬಹು ನಿರ್ಗಮನ. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಯುಜಿಸಿಯ 2022ರ ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್, ನಾಲ್ಕಕ್ಕೆ 160. ಬಿಟ್ಟುಹೋದವರು ಮೂರು ವರ್ಷದೊಳಗೆ ಮರಳಿ ಬಂದು ಬಿಟ್ಟಲ್ಲಿಂದ ಮುಂದುವರಿಯಬಹುದು.

ಇದನ್ನು ಹೊಸ ಆವಿಷ್ಕಾರವೆಂದು ಹೊಗಳುವವರು ತಾಲೂಕು ಕಾಲೇಜನ್ನು ನೋಡಿದವರಲ್ಲ. ಬಹು ನಿರ್ಗಮನ ಇಲ್ಲಿ ಯಾವ ಆದೇಶವೂ ಇಲ್ಲದ ಕಾಲದಿಂದ ಜಾರಿಯಲ್ಲಿದೆ. ಮೊದಲ ವರ್ಷದ ಕೊನೆಗೆ ಮದುವೆಯ ನಿರ್ಗಮನ: ಹುಡುಗ ಒಳ್ಳೆಯವನು, ಮನೆಯವರು ಒಪ್ಪಿದ್ದಾರೆ, ಓದನ್ನು ಅಲ್ಲೇ ಮುಂದುವರಿಸುತ್ತಾರಂತೆ. ಎರಡನೆಯ ವರ್ಷದ ನಡುವೆ ಪೀಣ್ಯದ ನಿರ್ಗಮನ: ಅಣ್ಣನ ರೂಮಿದೆ, ಗಾರ್ಮೆಂಟ್ಸಿನಲ್ಲೋ ಗೋಡೌನಿನಲ್ಲೋ ಕೆಲಸವಿದೆ. ಮಳೆ ಬಂದ ವರ್ಷ ಬಿತ್ತನೆಯ ನಿರ್ಗಮನ, ಬಾರದ ವರ್ಷ ಗುಳೆಯ ನಿರ್ಗಮನ. ಇವೆಲ್ಲ ಹಿಂದೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಗೆರೆಯಾಗಿ ಮುಗಿಯುತ್ತಿದ್ದವು. ನೀತಿಯ ಕೊಡುಗೆಯೆಂದರೆ ಆ ಗೆರೆಗೆ ಒಂದು ಸರ್ಟಿಫಿಕೇಟ್ ಕೊಟ್ಟದ್ದು. ಕಾಲೇಜು ಬಿಟ್ಟವರೆಂಬ ಹಳೆಯ ಕಳಂಕ ತೊಳೆದು, ಯಶಸ್ವಿಯಾಗಿ ನಿರ್ಗಮಿಸಿದವರೆಂಬ ಗೌರವ ಕೊಡುವ ಶಕ್ತಿ ಒಂದು ಕಾಗದಕ್ಕಿದೆ ಎಂಬುದನ್ನು ನಮ್ಮ ಹಿರಿಯರು ಅರಿತಿರಲಿಲ್ಲ.

ಇನ್ನು ಬಹು ಪ್ರವೇಶ. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ಟನ್ನು ಕೂಡಿಡಲು 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಏರ್ಪಟ್ಟಿತು. ಇಟ್ಟದ್ದು ಗರಿಷ್ಠ ಏಳು ವರ್ಷ ಕೆಡುವುದಿಲ್ಲ. ಲೆಕ್ಕ ಹಾಕಿ. 2021ರಲ್ಲಿ ಸೇರಿ, ಎರಡು ಮುಖ್ಯ ವಿಷಯ ಓದಿ, ಒಂದು ವರ್ಷಕ್ಕೆ ಬಿಟ್ಟುಹೋದ ಹುಡುಗಿ ಮಗುವನ್ನು ಅಂಗನವಾಡಿಗೆ ಸೇರಿಸಿ 2025ರಲ್ಲಿ ಮರಳಿ ಬರುತ್ತಾಳೆ ಎಂದುಕೊಳ್ಳೋಣ. ಕ್ರೆಡಿಟ್ ಕೆಟ್ಟಿಲ್ಲ. ಆದರೆ ಅದು ಯಾವ ಸ್ಕೀಮಿನ ಕ್ರೆಡಿಟ್ಟೋ ಆ ಸ್ಕೀಮಿನ ಪ್ರವೇಶ ಮೂರೇ ವರ್ಷಕ್ಕೆ ನಿಂತುಹೋಗಿದೆ. ಈಗಿನ ಎರಡನೆಯ ವರ್ಷದವರು ಮೂರು ಮುಖ್ಯ ವಿಷಯ ಓದುತ್ತಿದ್ದಾರೆ. ಅವಳ ಪಾಲಿನ ಮೂರನೆಯ ವಿಷಯದ ಮೊದಲ ವರ್ಷ ಎಲ್ಲಿದೆ? ಬ್ಯಾಂಕ್ ಭದ್ರವಾಗಿದೆ, ಖಾತೆಯೂ ಚಾಲ್ತಿಯಲ್ಲಿದೆ, ನಾಣ್ಯ ಮಾತ್ರ ಚಲಾವಣೆಯಲ್ಲಿಲ್ಲ. ಇಂಥವಳು ಕಚೇರಿಯ ಕಿಟಕಿಯ ಬಳಿ ಬಂದು ನಿಂತರೆ ಗುಮಾಸ್ತರು ಹೇಳಬಹುದಾದ ಮಾತು ಒಂದೇ: "ಯೂನಿವರ್ಸಿಟಿಗೆ ಬರ್ದು ಕೇಳ್ಬೇಕಮ್ಮ. ಒಂದು ಅರ್ಜಿ ಕೊಟ್ಟು ಹೋಗು." ಮೀಮಾಂಸಕರ ಪರಿಭಾಷೆಯಲ್ಲಿ ಇದನ್ನು ಅದೃಷ್ಟಫಲ ಎನ್ನುತ್ತಾರೆ: ಕರ್ಮ ಮಾಡಿದ್ದು ನಿಜ, ಫಲ ಇರುವುದೂ ನಿಜ, ಅದು ಕಣ್ಣಿಗೆ ಕಾಣುವುದಿಲ್ಲ.

ನಾಲ್ಕನೆಯ ವರ್ಷದ ಆನರ್ಸ್ ಬಗ್ಗೆ ಒಂದು ಮಾತು. 2021, 2022 ಮತ್ತು 2023ರಲ್ಲಿ ಸೇರಿದ ತಂಡಗಳಿಗೆ ಬೇಕಾದರೆ ಮುಂದುವರಿಯುವ ಅವಕಾಶ ಉಳಿಸಲಾಗಿತ್ತು. ಬಸ್ ಪಾಸಿಗೂ ಪರೀಕ್ಷಾ ಶುಲ್ಕಕ್ಕೂ ಲೆಕ್ಕ ಹಾಕಿ ಓದುವ ಮನೆಯಲ್ಲಿ ಮೂರು ವರ್ಷಕ್ಕೆ ಪದವಿ ಕೈಗೆ ಬಂದ ಮೇಲೂ ಇನ್ನೊಂದು ವರ್ಷ ಓದುತ್ತೇನೆ ಎನ್ನುವುದಕ್ಕೆ ಎಂಥ ಧೈರ್ಯ ಬೇಕು ಎಂಬುದನ್ನು ಯಾವ ಚೌಕಟ್ಟೂ ಅಳೆದಿಲ್ಲ. ಹಾಗೆ ಉಳಿದವರು ಆರು ಮಂದಿಯಾದರೂ ಕಾಲೇಜು ನಾಚಬೇಕಾಗಿಲ್ಲ. ಜೋಲಿಯೆಟ್ಟಿನವರೂ ಅಷ್ಟೇ ಜನರಿಂದ ಆರಂಭಿಸಿದರು. ಅವರನ್ನು ಮೂರು ವರ್ಷಕ್ಕೆ ಯಾರೂ ಪರಿಷ್ಕರಿಸಲಿಲ್ಲ ಎಂಬುದಷ್ಟೇ ಅವರ ಭಾಗ್ಯ.

ಪ್ರಕರಣ 7: ಅಂಕ ವಿಭಾಗ

ದಾಯಭಾಗದಲ್ಲಿ ಆಸ್ತಿಯನ್ನು ಹಂಚುವಂತೆ ಇಲ್ಲಿ ನೂರು ಅಂಕಗಳನ್ನು ಹಂಚಬೇಕು. ಎನ್‌ಇಪಿಯಲ್ಲಿ ಸೆಮಿಸ್ಟರ್ ಪರೀಕ್ಷೆಗೆ 60, ಆಂತರಿಕ ಮೌಲ್ಯಮಾಪನಕ್ಕೆ 40. ಎಸ್‌ಇಪಿಯಲ್ಲಿ ಅದು 80 ಮತ್ತು 20. ಆಂತರಿಕ ಅಂಕ ಹೆಚ್ಚಿದ್ದರೆ ಅಧ್ಯಾಪಕರಿಗೆ ಸೃಜನಶೀಲ ಚಟುವಟಿಕೆಗಳಿಗೆ ಅವಕಾಶವಾಗುತ್ತದೆ ಎಂಬುದು ಹಿಂದಿನ ವಾದ; ಕಡಿಮೆಯಿದ್ದರೆ ಪರೀಕ್ಷೆಯ ಪಾವಿತ್ರ್ಯ ಉಳಿಯುತ್ತದೆ ಎಂಬುದು ಈಗಿನದು. ಎರಡೂ ವಾದಗಳು ಸರಿ. ನೂರಿಪ್ಪತ್ತು ಮಕ್ಕಳ ತರಗತಿಗೆ ಅತಿಥಿ ಉಪನ್ಯಾಸಕರೊಬ್ಬರು ಟೆಸ್ಟು, ಸೆಮಿನಾರು, ಅಸೈನ್‌ಮೆಂಟು, ಪ್ರಾಜೆಕ್ಟು ನಾಲ್ಕನ್ನೂ ನಡೆಸಿ ಅಂಕವನ್ನು ಪೋರ್ಟಲ್ಲಿಗೆ ಏರಿಸುವುದು ಹೇಗೆ ಎಂಬುದು ವಾದದ ವಿಷಯವಲ್ಲ, ಸರ್ವರಿನ ವಿಷಯ. 2023ರ ನವೆಂಬರ್‌ನಲ್ಲಿ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ತರಗತಿ ಬಿಟ್ಟು ಧರಣಿ ಕುಳಿತಾಗ ಕಾಲೇಜುಗಳು ಭಣಗುಟ್ಟಿದವು. ಪಾಠ ಮಾಡುತ್ತಿದ್ದವರು ಯಾರು ಎಂಬ ಸಂಶೋಧನೆಗೆ ಅದಕ್ಕಿಂತ ಗಟ್ಟಿ ದತ್ತಾಂಶ ಬೇಕಿಲ್ಲ. ಹತ್ತು ಸಾವಿರಕ್ಕೂ ಮಿಕ್ಕ ಈ ಜನರ ನೇಮಕಾತಿ ವರ್ಷವರ್ಷವೂ ಪರಿಷ್ಕಾರವಾಗುತ್ತದೆ. ಪಠ್ಯಕ್ರಮಕ್ಕಿಂತ ನಿಯಮಿತವಾಗಿ ಪರಿಷ್ಕರಣೆಗೊಳ್ಳುವ ವಸ್ತು ಅದೊಂದೇ.

ಸಿದ್ಧಾಂತ

ಇಷ್ಟು ಚರ್ಚೆಯಿಂದ ನಿಷ್ಪನ್ನವಾಗುವುದೇನು? ಪಠ್ಯಕ್ರಮ ಬದಲಾಗಬಾರದು ಎಂದು ಹೇಳುವ ಸನಾತನಿಗಳ ಪಕ್ಷವನ್ನು ಪ್ರಬಂಧಕಾರನು ಒಪ್ಪುವುದಿಲ್ಲ. ಬದಲಾಗದಿದ್ದರೆ ಮಕ್ಕಳು ತಾತನ ಕಾಲದ ಅರ್ಥಶಾಸ್ತ್ರ ಓದಿ ಮೊಮ್ಮಕ್ಕಳ ಕಾಲದ ಸಂದರ್ಶನಕ್ಕೆ ಹೋಗಬೇಕಾಗುತ್ತದೆ. ಬದಲಾಯಿಸಲೇಬೇಕು. ಆದರೆ ಅದರ ಮೊದಲು ಒಂದು ವಿಚಿತ್ರ ಪ್ರಶ್ನೆ ಕೇಳಿಕೊಳ್ಳಬಹುದೇ: ಹಿಂದಿನ ಬಾರಿ ಬದಲಾಯಿಸಿದಾಗ ಓದಿದವರು ಏನು ಕಲಿತರು? 2021ರಲ್ಲಿ ಸೇರಿದ ಮೊದಲ ತಂಡ ಮೂರು ವರ್ಷ ಮುಗಿಸುವ ಹೊತ್ತಿಗೇ ಅದರ ಸ್ಕೀಮು ಹೊಸಬರಿಗೆ ಇಲ್ಲವಾಯಿತು. ಆ ತಂಡವನ್ನು ಕೂರಿಸಿಕೊಂಡು ಎರಡು ವಿಷಯ ಸಾಕಾಯಿತೇ, ಓಪನ್ ಎಲೆಕ್ಟಿವ್ ಯಾವುದಕ್ಕೆ ಬಂತು, ಕೆಲಸ ಸಿಕ್ಕಿತೇ ಎಂದು ಕಾಲೇಜು ಕಾಲೇಜಿಗೆ ಹೋಗಿ ಕೇಳಬಹುದಿತ್ತು. ಇನ್ನೂ ಅವಕಾಶ ಹೋಗಿಲ್ಲ. ಅವರ ಫೋನ್ ನಂಬರುಗಳು ಕಚೇರಿಯಲ್ಲಿವೆ. ಆದರೆ ಹಾಗೆ ಕೇಳಿದರೆ ಉತ್ತರ ಬರುವ ಅಪಾಯವಿದೆ. ಉತ್ತರ ಬಂದರೆ ಅದಕ್ಕೆ ತಕ್ಕಂತೆ ಬದಲಾಯಿಸಬೇಕು. ಹಾಗೆ ಬದಲಾಯಿಸಿದರೆ ಸೆಮಿಸ್ಟರಿಗೆ ಮುಂಚೆ ಪುಸ್ತಕ, ತರಗತಿಗೆ ಮುಂಚೆ ಅಧ್ಯಾಪಕ, ಆಯ್ಕೆಗೆ ತಕ್ಕ ವಿಷಯ, ವಿಷಯಕ್ಕೆ ತಕ್ಕ ಬಸ್ಸು ಎಂದು ಪಟ್ಟಿ ಬೆಳೆಯುತ್ತದೆ. ಇವು ಯಾವುವೂ ಪಠ್ಯಕ್ರಮದ ವ್ಯಾಪ್ತಿಗೆ ಬರುವುದಿಲ್ಲವೆಂದು ಅಧ್ಯಯನ ಮಂಡಳಿಯೂ, ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಆರ್ಥಿಕ ಇಲಾಖೆಯೂ ಹೇಳುವುದರಿಂದ, ಶಾಸ್ತ್ರ ನಿರ್ವಿಘ್ನವಾಗಿ ಮುಂದುವರಿಯುತ್ತದೆ.

ಫಲಶ್ರುತಿ

ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದ ಪ್ರಾಂಶುಪಾಲರಿಗೆ ನ್ಯಾಕ್ ಮಾನ್ಯತೆಯ ಕಡತದಲ್ಲಿ ಪಠ್ಯಕ್ರಮದ ಪುಟಗಳು ತಾವಾಗಿ ತುಂಬುವವು. ಓದಿದ ಅಧ್ಯಾಪಕರಿಗೆ 16 ಗಂಟೆ ಎಲ್ಲಿಂದಲಾದರೂ ಒದಗುವುದು. ಓದಿದ ಅತಿಥಿ ಉಪನ್ಯಾಸಕರಿಗೆ ಗೌರವಧನ ತಿಂಗಳ ತಿಂಗಳಿಗೆ ಬರುವುದು ಎಂದು ಬರೆಯಬೇಕೆಂದಿತ್ತು. ಫಲಶ್ರುತಿಯಲ್ಲೂ ಉತ್ಪ್ರೇಕ್ಷೆಗೆ ಮಿತಿಯಿರಬೇಕೆಂದು ಆಲಂಕಾರಿಕರು ಹೇಳಿದ್ದಾರೆ. ಓದಿದ ವಿದ್ಯಾರ್ಥಿಗೆ ಕ್ರೆಡಿಟ್ ಇಲ್ಲ.

ಅಧಿಸೂಚನೆ: ಮೇಲ್ಕಂಡ ಪ್ರಬಂಧವನ್ನು ಮುಂದಿನ ಶೈಕ್ಷಣಿಕ ವರ್ಷದಿಂದ ಜಾರಿಗೆ ಬರುವಂತೆ ಪರಿಷ್ಕರಿಸಲಾಗಿದ್ದು, ಏಳು ಪ್ರಕರಣಗಳ ಬದಲು ನಾಲ್ಕು ಇರತಕ್ಕದ್ದು. ಈಗಾಗಲೇ ಅರ್ಧ ಓದಿರುವವರು ಹಳೆಯ ಸ್ಕೀಮಿನಲ್ಲಿಯೇ ಮುಂದುವರಿಯತಕ್ಕದ್ದು. ಅರ್ಥವಾಗದೆ ಉಳಿದವರಿಗೆ ಇನ್ನೆರಡು ಅವಕಾಶ ನೀಡಲಾಗಿದೆ. ಶುಲ್ಕ ಪ್ರತ್ಯೇಕ.